ಶೈಲಶ್ರೀ ತೆಗೆದುಕೊಂಡ ಪುಸ್ತಕಗಳು

ವನಜಾಳ ಬಾಯಿಗೆ ಹೆದರಿ ಆ ಗ್ರಂಥಾಲಯದ ಫ್ಯಾನು ಕೂಡ ಸದ್ದು ಮಾಡದೆ ತಿರುಗುತ್ತದೆ ಎಂದು ಹೆಬ್ಬಗೋಡಿಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನಿಲ್ಲ. ಪುಟದ ಮೂಲೆ ಮಡಿಚಿದವನಿಗೆ ಮಂಗಳಾರತಿ, ಪೇಪರಿನಿಂದ ಉದ್ಯೋಗದ ಜಾಹೀರಾತು ಹರಿದುಕೊಂಡವನಿಗೆ ಮಹಾಮಂಗಳಾರತಿ. ಕಾರ್ಖಾನೆಯ ಶಿಫ್ಟು ಮುಗಿಸಿ ಬಂದು ಮೇಜಿಗೆ ತಲೆಯಿಟ್ಟು ತೂಕಡಿಸುವವರನ್ನು ಸ್ಕೇಲಿನಿಂದ ತಟ್ಟಿ ಎಬ್ಬಿಸುತ್ತಿದ್ದಳು. "ಇದೇನು ನಿಮ್ಮತ್ತೆ ಮನೆನಾ? ಎದ್ದು ಓದಿ, ಇಲ್ಲಾ ಎದ್ದು ಹೋಗಿ" ಎನ್ನುತ್ತಿದ್ದಳು.

ಗ್ರಂಥಾಲಯ ನಡೆಸುತ್ತಿದ್ದುದು ಒಂದು ದೊಡ್ಡ ಕಂಪನಿ. ದುಡಿಯುವ ಜನರ ಕೈಗೆ ಪುಸ್ತಕ ಕೊಟ್ಟೆವು ಎಂದು ವರ್ಷಕ್ಕೊಮ್ಮೆ ಹೊಳೆಯುವ ಕಾಗದದ ವರದಿಯಲ್ಲಿ ಅಚ್ಚು ಹಾಕಿಸಿಕೊಳ್ಳುವುದು ಅದರ ಪುಣ್ಯಕಾರ್ಯ. ಅಲ್ಲಿಗೆ ವನಜಾ ಒಬ್ಬಳೇ ಯಜಮಾನಿ, ಒಬ್ಬಳೇ ಕಸಗುಡಿಸುವವಳು. ಅವಳು ಹೆಬ್ಬಗೋಡಿಯದೇ ಸೊಸೆ. ಗಂಡನ ಮನೆಯ ರಾಗಿಹೊಲದ ಮೇಲೆ ಈಗ ಬಾಡಿಗೆ ಕೋಣೆಗಳ ಸಾಲು ಎದ್ದಿದೆ, ಮನೆಯಲ್ಲೇ ಕೂತು ತಿನ್ನಬಹುದಿತ್ತು. ಆದರೆ ಅತ್ತೆ ಲಕ್ಷ್ಮಮ್ಮನ ಕಣ್ಣೆದುರು ಕೂತು ತಿನ್ನುವುದಕ್ಕಿಂತ ಉಪವಾಸ ಇರುವುದೇ ವಾಸಿ ಎಂದು ಮದುವೆಯಾದ ಮೊದಲ ವಾರವೇ ಅವಳಿಗೆ ಗೊತ್ತಾಗಿಹೋಗಿತ್ತು. ಪೆಟ್ಟಿಗೆಯ ತಳದಲ್ಲಿದ್ದ ಲೈಬ್ರರಿ ಕೋರ್ಸಿನ ಸರ್ಟಿಫಿಕೇಟು ತೆಗೆದು ಈ ಕೆಲಸ ಹಿಡಿದಳು. ಆ ಕುರ್ಚಿ, ಆ ಕಂಪ್ಯೂಟರು, ಎದುರು ನಿಂತು "ಮೇಡಂ" ಎನ್ನುವ ಜನ. ಈ ಲೋಕದಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ. ಅದು ಕೈತಪ್ಪುವ ಮಾತು ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಗ್ರಂಥಾಲಯದ ಸಾಫ್ಟ್‌ವೇರು. ಪರದೆಯ ಮೇಲ್ಗಡೆ ಒಂದು ಖಾಲಿ ಚೌಕ, ಪಕ್ಕದಲ್ಲಿ "ಹುಡುಕಿ" ಎಂಬ ಗುಂಡಿ. ಓದುಗರ ಹೆಸರನ್ನೋ ಕಾರ್ಡಿನ ನಂಬರನ್ನೋ ಹೊಡೆದರೆ ಅವರ ಫೋಟೊ, ಫೋನ್ ನಂಬರು, ಯಾವ ಪುಸ್ತಕ ಯಾವಾಗ ಒಯ್ದರು, ಯಾವಾಗ ತಂದುಕೊಟ್ಟರು ಎಲ್ಲವೂ ಬಂದು ನಿಲ್ಲುತ್ತಿತ್ತು. ಪುಸ್ತಕ ಕಳೆದು ಹಾಕಿ, ನಾನು ಕೊಟ್ಟಿದ್ದೆ ಮೇಡಂ ಎಂದು ವಾದ ಹೂಡುವವರ ಮುಂದೆ ವನಜಾ ಪರದೆಯನ್ನು ತಿರುಗಿಸುತ್ತಿದ್ದಳು. "ಇದರಲ್ಲಿದ್ರೆ ಇದೆ. ಇದರಲ್ಲಿ ಇಲ್ಲ ಅಂದ್ರೆ ಇಲ್ಲ. ನಂದೂ ಇಲ್ಲ, ನಿಂದೂ ಇಲ್ಲ." ಅಲ್ಲಿಗೆ ವಾದ ಮುಗಿಯುತ್ತಿತ್ತು.

ಆದರೆ ಒಳಗಿನ ಕಥೆಯೇ ಬೇರೆ. ಕಂಪನಿಯ ಕಡೆಯಿಂದ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಹರ್ಷವರ್ಧನ್ ಎಂಬ ಮ್ಯಾನೇಜರು. ಇಸ್ತ್ರಿ ಅಂಗಿ, ನಗುವ ಹಲ್ಲು, ಒಂದು ಪುಸ್ತಕವನ್ನೂ ಕೈಯಲ್ಲಿ ಮುಟ್ಟದ ಮಹಾನುಭಾವ. ಅವನಿಗೆ ಬೇಕಾದದ್ದು ತಿಂಗಳಿಗೆ ಎಷ್ಟು ಪುಸ್ತಕ ಹೊರಗೆ ಹೋದವು ಎಂಬ ಸಂಖ್ಯೆ ಮಾತ್ರ. "ಓದೋರು ಬರ್ತಾರೆ, ಬಿಡ್ತಾರೆ ವನಜಾ. ನಂಬರ್ ಮಾತ್ರ ಇಳೀಬಾರ್ದು. ಇಳಿದ್ರೆ ಮೇಲಿನೋರು ಇಲ್ಲಿ ಜಿಮ್ ಮಾಡಿ ಅಂತಾರೆ, ನಾನೇನೂ ಮಾಡಕ್ಕಾಗಲ್ಲ" ಎಂದು ನಗುತ್ತಲೇ ಹೇಳಿ ಹೋಗುತ್ತಿದ್ದ.

ಒಮ್ಮೆ ಆ ಸಂಖ್ಯೆ ಇಳಿದಾಗ ವನಜಾ ಮನೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಲಕ್ಷ್ಮಮ್ಮ ಒಂದು ಕಾಲಕ್ಕೆ ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕಿದವಳು. ವಿಷಯ ಕೇಳಿ ಎಲೆಯಡಿಕೆ ಪಿಚಕ್ಕೆಂದು ಉಗಿದಳು. "ಅಯ್ ನಿನ್ನ ಓದಿಗಿಷ್ಟು! ಅಳತೆ ಕಮ್ಮಿ ಬಂದ್ರೆ ಅಸೂನ ಬೈಯಕ್ಕಾಯ್ತದಾ? ಒಂದು ಚೊಂಬು ನೀರು ಆಕಾದಪ್ಪ. ನಾ ಆಕ್ತಿರ್ಲಿಲ್ವಾ? ಅಷ್ಟಕ್ಕೇ ಯಾರಾನಾ ಸತ್ತೋದ್ರಾ?"

ವನಜಾಳಿಗೆ ದಾರಿ ಹೊಳೆಯಿತು. ಈ ಕಾರ್ಖಾನೆಗಳ ಬಯಲಿನಲ್ಲಿ ಜನ ನಿಲ್ಲುವುದಿಲ್ಲ. ರಾಯಚೂರು, ಯಾದಗಿರಿ, ಕೊಪ್ಪಳ ಎಂದು ಎಲ್ಲೆಲ್ಲಿಂದಲೋ ಬರುತ್ತಾರೆ, ಕಾರ್ಡು ಮಾಡಿಸುತ್ತಾರೆ, ಕೆಲಸ ಹೋದ ಮೇಲೆ ಗಂಟು ಕಟ್ಟಿಕೊಂಡು ಹೋಗುತ್ತಾರೆ. ಕಾರ್ಡು ಮಾತ್ರ ಸಾಫ್ಟ್‌ವೇರಿನಲ್ಲಿ ಉಳಿಯುತ್ತದೆ. ತಿಂಗಳ ಕೊನೆಯಲ್ಲಿ ಬಾಗಿಲು ಎಳೆದುಕೊಂಡು, ಬಹಳ ದಿನದಿಂದ ಪುಸ್ತಕ ಒಯ್ಯದ ಓದುಗರು ಯಾರು ಎಂದು ಹುಡುಕುವಳು. ಕುರ್ಚಿಯ ಬೆನ್ನಿಗಿದ್ದ ಕಪಾಟಿನಿಂದ ಒಂದೊಂದೇ ಪುಸ್ತಕ ತೆಗೆದು ಆ ಹೆಸರುಗಳಿಗೆ ಸ್ಕ್ಯಾನು ಮಾಡುವಳು. ಕೆಲವು ದಿನ ಬಿಟ್ಟು ಅವರೇ ವಾಪಸ್ಸು ಕೊಟ್ಟಂತೆ ಇನ್ನೊಮ್ಮೆ ಸ್ಕ್ಯಾನು. ಪುಸ್ತಕ ಕಪಾಟು ಬಿಟ್ಟು ಕದಲುತ್ತಿರಲಿಲ್ಲ, ಸಂಖ್ಯೆ ಏರುತ್ತಿತ್ತು. ಇದಕ್ಕೆ ಅವಳು ಮನಸ್ಸಿನಲ್ಲೇ ಇಟ್ಟುಕೊಂಡ ಹೆಸರು ನೀರು ಹಾಕುವುದು. ಹರ್ಷವರ್ಧನನಿಗೆ ಗೊತ್ತಿತ್ತೋ ಇಲ್ಲವೋ, ಅವನಂತೂ ಕೇಳಲಿಲ್ಲ.

ಆ ಬೆನ್ನಿನ ಕಪಾಟಿನಲ್ಲಿ ಇದ್ದದ್ದು ಹೆಂಗಸರ ಪುಸ್ತಕಗಳು. ಕಾರ್ಖಾನೆಯ ಹುಡುಗಿಯರಿಗೆ ಇನ್ನೇನು ಬೇಕು ಎಂದುಕೊಂಡು ಕಂಪನಿಯವರು ಆರಿಸಿ ಕಳಿಸಿದ್ದು. ಎಡದಿಂದ ಬಲಕ್ಕೆ ಮೊದಲು ಅಡುಗೆ, ಆಮೇಲೆ ಹೊಲಿಗೆ ಕಸೂತಿ, ಆಮೇಲೆ ಬಸಿರು ಬಾಣಂತನ, ಕೊನೆಗೆ ಮಕ್ಕಳಿಗೆ ಹೆಸರಿಡುವುದು. ವನಜಾ ಎದ್ದು ದೂರದ ಕಪಾಟಿಗೆ ಹೋಗುವ ಪೈಕಿಯಲ್ಲ. ತಿಂಗಳು ತಿಂಗಳೂ ಎಡದಿಂದ ಬಲಕ್ಕೆ ಕೈಗೆ ಸಿಕ್ಕ ಹಾಗೆ ಹಾಕುತ್ತಾ ಹೋದಳು.

ನೀರು ಹಾಕಿದ ಕಾರ್ಡುಗಳಲ್ಲಿ ಶೈಲಶ್ರೀ ಎಂಬ ಹುಡುಗಿಯದೂ ಒಂದು. ಕಾರ್ಡು ಮಾಡಿಸಲು ಅವಳು ಬಂದ ದಿನ ವನಜಾಳಿಗೆ ನೆನಪಿತ್ತು. ಕಡ್ಡಿಯಂಥ ಹುಡುಗಿ, ವೈರು ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ, ಸುರಪುರದ ಕಡೆಯವಳು. ತನಗೆ ಇನ್ನೂ ಫೋನಿಲ್ಲವೆಂದು ಅಪ್ಪನ ನಂಬರು ಬರೆಸಿದ್ದಳು. ಮತ್ತೊಮ್ಮೆ ಬಂದಾಗ ಕಾರ್ಡಿನ ತೂತಿಗೆ ಕೆಂಪು ದಾರ ಪೋಣಿಸಿ, ದಾರದ ತುದಿಗೆ ಒಂದು ಕವಡೆ ಕಟ್ಟಿತ್ತು.

"ಇದೇನೇ, ಲೈಬ್ರರಿ ಕಾರ್ಡಿಗೂ ದೃಷ್ಟಿ ತಾಗುತ್ತಾ?" ಎಂದು ವನಜಾ ಎಲ್ಲರೆದುರು ನಕ್ಕಿದ್ದಳು.

"ನಮ್ಮವ್ವ ಕಟ್ಯಾಳ್ರಿ ಮೇಡಂ. ಕಳ್ಕೊಂತೀ ಅಂತ" ಎಂದು ಹುಡುಗಿ ನಾಚಿ ಕಾರ್ಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿತ್ತು. ಒಂದು ಪುಸ್ತಕ ಒಯ್ದಳು, ತಂದುಕೊಟ್ಟಳು. ಆಮೇಲೆ ಬರಲಿಲ್ಲ. ಊರಿಗೆ ಹೋಗಿರುತ್ತಾಳೆ ಎಂದುಕೊಂಡು ವನಜಾ ಅವಳನ್ನೂ ಪಟ್ಟಿಗೆ ಸೇರಿಸಿದಳು.

ಹುಡುಗಿ ಊರಿಗೆ ಹೋಗಿರಲಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಡಬ್ಬಿ ಹಿಡಿದು ಶಿಫ್ಟಿಗೆ ಹೊರಟವಳು ಕಾರ್ಖಾನೆಗೂ ತಲುಪಿರಲಿಲ್ಲ, ಮನೆಗೂ ಬಂದಿರಲಿಲ್ಲ. ಅಪ್ಪ ಭೀಮಪ್ಪ ಕಟ್ಟಡಗಳಲ್ಲಿ ಕಂಬಿ ಕಟ್ಟುವವನು. ಅವ್ವ ದುರ್ಗವ್ವ ಅದೇ ಕಟ್ಟಡಗಳಲ್ಲಿ ಸಿಮೆಂಟಿನ ಬಾಣಲಿ ಹೊರುವವಳು. ಠಾಣೆಗೆ ಅಲೆದು ಅಲೆದು ಸುಸ್ತಾದರು. "ಯಾವನ ಜೊತೆಗೋ ಓಡಿಹೋಗಿರ್ತಾಳೆ ಬಿಡಮ್ಮ, ಮಗು ಎತ್ಕೊಂಡು ಬರ್ತಾಳೆ" ಎಂದು ಅಲ್ಲಿ ಯಾರೋ ಬಾಯಿಗೆ ಬಂದದ್ದು ಅಂದಿದ್ದರು. ಹೆತ್ತ ತಾಯಿಗೆ ಅದೇ ದೇವರ ಮಾತಾಯಿತು. ಓಡಿಹೋಗಿದ್ದರೆ ಬದುಕಿದ್ದಾಳೆ ತಾನೆ?

ಹೀಗಿರುವಾಗ ಕಂಪನಿಯವರು ಸಾಫ್ಟ್‌ವೇರಿಗೆ ಹೊಸ ಸೌಲಭ್ಯ ಹಾಕಿಸಿದರು. ಪುಸ್ತಕ ಒಯ್ದವರ ಫೋನಿಗೆ ತಕ್ಷಣ ಮೆಸೇಜು. ವನಜಾಳಿಗೆ ಅದನ್ನು ಯಾರೂ ಹೇಳಲೂ ಇಲ್ಲ. ಆ ತಿಂಗಳು ಅವಳು ನೀರು ಹಾಕಿದಾಗ ಎಲ್ಲೆಲ್ಲಿಯೋ ಫೋನುಗಳು ಟಿಣ್ ಎಂದವು. ಸಾಲ ಬೇಕಾ, ಸೈಟು ಬೇಕಾ ಎಂಬ ಮೆಸೇಜುಗಳ ಜೊತೆ ಜನ ಅದನ್ನೂ ಅಳಿಸಿಹಾಕಿದರು. ಭೀಮಪ್ಪ ಮಾತ್ರ ಕಿರಾಣಿ ಅಂಗಡಿಯವನ ಹತ್ತಿರ ಓದಿಸಿದ. ಪ್ರಿಯ ಶೈಲಶ್ರೀ, ಪುಸ್ತಕ ಪಡೆದುದಕ್ಕೆ ಧನ್ಯವಾದ.

ಗಂಡ ಹೆಂಡತಿ ಮೈಮೇಲಿನ ಸಿಮೆಂಟನ್ನೂ ತೊಳೆಯದೆ ಓಡಿಬಂದರು. ಅವರ ಗ್ರಹಚಾರವೋ ವನಜಾಳದ್ದೋ, ಆ ಹೊತ್ತಿಗೆ ಹರ್ಷವರ್ಧನ್ ಕ್ಯಾಮೆರಾದವನನ್ನು ಕರೆತಂದು ವರದಿಗೆ ಫೋಟೊ ತೆಗೆಸುತ್ತಿದ್ದ.

"ಅಕ್ಕಾರ, ನನ್ನ ಮಗಳು ಇಲ್ಲಿ ಬಂದಿದ್ಲಾ? ಫೋನಿಗೆ ಬಂದೈತ್ರಿ. ನೋಡ್ರಿ ಅಕ್ಕಾರ" ಎಂದು ದುರ್ಗವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಮಗಳು ಕಾಣೆಯಾದದ್ದು, ಠಾಣೆಗೆ ಅಲೆದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ವನಜಾ ಹೆಸರು ಹೊಡೆದು ಹುಡುಕಿದಳು. ಶೈಲಶ್ರೀಯ ಫೋಟೊ ಬಂತು. ಕೆಳಗೆ ತಾನೇ ಹಾಕಿದ ನೀರೆಲ್ಲ ಸಾಲಾಗಿ ನಿಂತಿತ್ತು. ತಪ್ಪಾಗಿದೆ ಅಮ್ಮ, ಇದು ನಿನ್ನ ಮಗಳಲ್ಲ, ನಾನು ಎಂದು ಹೇಳಬೇಕಿತ್ತು. ಹೇಳಬಹುದಿತ್ತು ಕೂಡ. ಆದರೆ ಪಕ್ಕದಲ್ಲೇ ಹರ್ಷವರ್ಧನ್ ಬಗ್ಗಿ ಪರದೆ ನೋಡುತ್ತಿದ್ದ.

"ಹೌದು. ತಗೊಂಡಿದ್ದಾಳೆ" ಎಂದಳು ವನಜಾ. "ಇದರಲ್ಲಿದೆ."

"ಓದಿ ಹೇಳ್ರಿ ಯವ್ವಾ. ಏನೇನು ಒಯ್ದಾಳ?"

ಓದದೆ ವಿಧಿಯಿರಲಿಲ್ಲ. ಅಡುಗೆಯ ಪುಸ್ತಕ. ಹೊಲಿಗೆಯ ಪುಸ್ತಕ. ಮೊನ್ನೆ ಮೊನ್ನೆ, ಬಸಿರು ಬಾಣಂತನದ ಪುಸ್ತಕ.

ದುರ್ಗವ್ವ ನಿಂತಲ್ಲೇ ಕುಸಿದು ಕೂತಳು. ಅಳುತ್ತಾಳೆಂದು ವನಜಾ ನೋಡಿದರೆ ಹೆಂಗಸು ನಗುತ್ತಿದ್ದಳು. "ಕೇಳಿದ್ಯಾ? ಮನಿ ಮಾಡ್ಯಾಳ. ಅಡಗಿ ಕಲತಾಳ. ಮತ್ತ ಈಗ ಬಸರಾಗ್ಯಾಳ! ನಮ್ಮ ಶೈಲಾ ಬಸರಾಗ್ಯಾಳ!" ಎಂದು ಗಂಡನ ಮೊಣಕಾಲು ಹಿಡಿದು ಅಲುಗಿಸಿದಳು. ಭೀಮಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಹರ್ಷವರ್ಧನನಿಗೋ ಖುಷಿಯೋ ಖುಷಿ. "ವೆರಿ ಗುಡ್ ಅಮ್ಮಾ! ಎಂಥಾ ರೀಡರ್ ನಿಮ್ಮ ಮಗಳು!" ಎಂದು ಅವಳ ಕೈಗೊಂದು ಪುಸ್ತಕ ಕೊಟ್ಟು ಫೋಟೊ ತೆಗೆಸಿದ. ಮುಂದೆ ಅದು ವರದಿಯಲ್ಲೂ ಬಂತು, ಚೌಕಟ್ಟು ಹಾಕಿಸಿಕೊಂಡು ಗ್ರಂಥಾಲಯದ ಗೋಡೆಗೂ ಬಂತು.

"ಯಾವಾಗ ಬರ್ತಾಳ್ರಿ ಆಕಿ? ನಿಮಗ ಮಾರಿ ನೆನಪೈತಾ?" ಎಂದು ದುರ್ಗವ್ವ ಕೇಳಿದಾಗ ವನಜಾ ಬಾಗಿಲ ಬಳಿ ಇದ್ದ ಯಂತ್ರವನ್ನು ತೋರಿಸಿದಳು. ಓದುಗರು ತಾವೇ ಪುಸ್ತಕ ಪಡೆಯಲೆಂದು ಇಟ್ಟದ್ದು, ಉದ್ಘಾಟನೆಯ ಮಾರನೇ ದಿನದಿಂದ ಕೆಟ್ಟು ಕೂತದ್ದು. "ಅದರಲ್ಲೇ ತಗೊಂಡು ಹೋಗ್ತಾರಮ್ಮ. ನಾನು ಎಷ್ಟು ಜನರನ್ನ ಅಂತ ನೋಡ್ಲಿ?"

ಅಂದಿನಿಂದ ದುರ್ಗವ್ವ ಕೆಲಸದ ರಜೆಯ ದಿನವೆಲ್ಲ ಗ್ರಂಥಾಲಯದ ಮೆಟ್ಟಿಲ ಮೇಲೆ. ಚೀಲದಲ್ಲಿ ಹಳೆಯ ಇಳಕಲ್ ಸೀರೆಯ ತುಂಡು, ಸೂಜಿ, ದಾರ. ಹುಟ್ಟಲಿರುವ ಕೂಸಿನ ತಲೆಗೆ ಕುಂಚಿಗೆ ಹೊಲಿಯುತ್ತಿದ್ದಳು. ಒಳಗೆ ಹೋಗುವ ಪ್ರತಿ ಹುಡುಗಿಯ ಮುಖವನ್ನೂ ಹೊಟ್ಟೆಯನ್ನೂ ನೋಡುತ್ತಿದ್ದಳು. ವನಜಾಳಿಗೆ ಆ ಸೂಜಿ ತನ್ನ ಬೆನ್ನಿಗೇ ಚುಚ್ಚಿದ ಹಾಗಾಗುತ್ತಿತ್ತು. ಮರುಕ ಬಂದಿತೇ ಎಂದರೆ ಬಂದಿತು, ಆದರೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. ಒಂದು ದಿನ ಹೊರಗೆ ಬಂದು, "ಇಲ್ಲಿ ಕೂತ್ಕೋಬೇಡಮ್ಮ. ನೀನು ಹೀಗೆ ಬಾಗಿಲಲ್ಲಿ ಕಾದ್ರೆ ಅವಳು ಹೆದರಿ ಬರ್ತಾಳಾ?" ಎಂದುಬಿಟ್ಟಳು. ಎದ್ದು ಹೋಗಲಿ ಎಂದು ಹೇಳಿದ ಮಾತು. ದುರ್ಗವ್ವ ತನ್ನ ಹಣೆ ಹೊಡೆದುಕೊಂಡಳು. "ಖರೇ ಐತ್ರಿ ಅಕ್ಕಾರ. ಅಪ್ಪಗ ಅಂಜತಾಳ. ನನಗ ಬುದ್ಧಿ ಇಲ್ಲ ನೋಡ್ರಿ." ಅಂದಿನಿಂದ ರಸ್ತೆಯಾಚೆ ಚಹಾದಂಗಡಿಯ ಮರೆಯಲ್ಲಿ, ಮಗಳಿಗೆ ಕಾಣದಂತೆ ಸೆರಗು ಮುಚ್ಚಿಕೊಂಡು ಕೂತು ಕಾಯತೊಡಗಿದಳು.

ವನಜಾ ಮುಂದಿನ ತಿಂಗಳು ಶೈಲಶ್ರೀಯ ಕಾರ್ಡನ್ನು ಮುಟ್ಟಲಿಲ್ಲ. ಅದರ ಮುಂದಿನ ತಿಂಗಳೂ ಮುಟ್ಟಲಿಲ್ಲ. ತಾನಾಗಿ ಮರೆತುಹೋಗಲಿ ಎಂಬುದು ಅವಳ ಲೆಕ್ಕಾಚಾರ. ಹೆತ್ತ ಹೊಟ್ಟೆ ಮರೆಯುತ್ತದೆಯೇ? ದುರ್ಗವ್ವ ಬಂದು ಮೇಜಿನ ಅಂಚು ಹಿಡಿದು ನಿಂತಳು. ಕಣ್ಣು ಒಳಕ್ಕೆ ಹೋಗಿದ್ದವು.

"ಫೋನ್ ಸದ್ದು ಮಾಡವಲ್ದು ಅಕ್ಕಾರ. ಆಕಿಗೆ ಏನರ ಆಗೈತಿ. ಕೂಸು ಕಳೀತೋ ಏನೋ. ಮೈಯಾಗ ಹುಷಾರಿಲ್ಲೇನೋ. ಕನಸಿನ್ಯಾಗ ತೊಯ್ಸಿಕೊಂಡು ಬಂದು ನಿಲ್ತಾಳ್ರಿ. ನಾ ಉಣ್ಣಾಕ ಕುಂತ್ರ ತುತ್ತು ಇಳಿಯಂಗಿಲ್ಲ."

ಅಳು ಜೋರಾಯಿತು. ಓದುವವರೆಲ್ಲ ತಲೆಯೆತ್ತಿ ನೋಡಿದರು. "ಆಚೆ ಕೂತ್ಕೋ, ನೋಡ್ತೀನಿ" ಎಂದು ಅವಳನ್ನು ಕಳಿಸಿ, ವನಜಾ ಹಲ್ಲು ಕಚ್ಚಿ ಬೆನ್ನಿನ ಕಪಾಟಿಗೆ ಕೈ ಹಾಕಿದಳು. ಬಲತುದಿಯ ಪುಸ್ತಕ, ಮಕ್ಕಳಿಗೆ ಹೆಸರಿಡುವುದು. ಶೈಲಶ್ರೀಯ ಹೆಸರಿಗೆ ಸ್ಕ್ಯಾನು ಮಾಡಿದಳು. ಈ ಸಲ ಸಂಖ್ಯೆಗಾಗಿ ಅಲ್ಲ, ಅಳು ನಿಲ್ಲಲಿ ಎಂದು. ರಸ್ತೆಯಾಚೆ ಫೋನು ಟಿಣ್ ಎಂದಿರಬೇಕು. ಚಹಾದಂಗಡಿಯವನು ಓದಿ ಹೇಳಿದ್ದು ಕಿಟಕಿಯಿಂದ ಕಂಡಿತು, ದುರ್ಗವ್ವ ಅಲ್ಲಿದ್ದವರಿಗೆಲ್ಲ ಬಿಸ್ಕತ್ತು ಹಂಚಿದ್ದೂ ಕಂಡಿತು. ವನಜಾ ಕಿಟಕಿಯ ಪರದೆ ಎಳೆದಳು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಭೀಮಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ. ಮಾತೇ ಆಡದ ಗಂಡಸು, ಅವತ್ತು ಅವನೇ ಮಾತು ತೆಗೆದ.

"ಠಾಣೆಯಿಂದ ಫೋನ್ ಬಂದಿತ್ರಿ ಮೇಡಂ. ಜಿಗಣಿ ಕಡೆ ಹಳೇ ಕಲ್ಲುಕ್ವಾರಿ ಹೊಂಡದಾಗ ನೀರು ಇಳದೈತಂತ. ಒಂದು ಹೆಣ ಸಿಕ್ಕೈತಂತ. ಹೆಣ್ಣಂತ. ಮಳಿಗಾಲದಿಂದ ನೀರಾಗ ಇದ್ದದ್ದಂತ, ಗುರುತು ಹತ್ತಂಗಿಲ್ಲಂತ. ಬಂದು ರಕ್ತ ಕೊಡ್ರಿ, ತಾಳೆ ನೋಡ್ತೀವಿ ಅಂತಾರ."

"ಯಾಕ ಕೊಡಬೇಕು?" ದುರ್ಗವ್ವ ಸಿಡಿದಳು. "ನನ್ನ ಮಗಳು ಬಸರಿ ಹೆಂಗಸು. ಹೆಣದ ಜೋಡಿ ಆಕಿ ಹೆಸರು ಕೂಡಸ್ತೀರಾ? ಅಪಶಕುನದವರ!"

ಭೀಮಪ್ಪ ಅವಳ ಕಡೆ ನೋಡಲಿಲ್ಲ. "ಮೇಡಂ, ನೀವು ಓದಿದವ್ರು. ಒಂದು ಮಾತು ಹೇಳ್ರಿ ಸಾಕು. ನನ್ನ ಮಗಳು ಖರೇನೇ ಪುಸ್ತಕ ಒಯ್ದಾಳಾ? ಒಯ್ದಿದ್ರ ನಾ ಹೋಗಂಗಿಲ್ಲ. ಇಲ್ಲಂದ್ರ ಇವತ್ತ ಹೋಗ್ತೀನಿ."

ಇದಕ್ಕಿಂತ ಸರಳವಾಗಿ ಯಾರನ್ನೂ ಯಾರೂ ಕೇಳಲಾರರು. ಜಿಗಣಿಯಲ್ಲಿ ಕಂಪನಿ ಇನ್ನೊಂದು ಗ್ರಂಥಾಲಯ ತೆರೆಯುವುದಿತ್ತು, ಎರಡಕ್ಕೂ ನೀನೇ ಇನ್‌ಚಾರ್ಜ್ ಎಂದು ಹರ್ಷವರ್ಧನ್ ಮೊನ್ನೆಯಷ್ಟೇ ಮಾತು ಕೊಟ್ಟಿದ್ದ. ಈಗ ಬಾಯಿ ಬಿಟ್ಟರೆ ಆ ಕುರ್ಚಿಯೂ ಇಲ್ಲ, ಈ ಕುರ್ಚಿಯೂ ಇಲ್ಲ, ಲಕ್ಷ್ಮಮ್ಮನ ಎದುರಿನ ಮಣೆಯೇ ಗತಿ. ಸತ್ತದ್ದು ಇವರ ಮಗಳೇ ಎಂದು ಏನು ಗ್ಯಾರಂಟಿ? ಈ ಕಡೆಯ ಹೊಂಡಗಳಲ್ಲಿ ಹೆಣ ಸಿಗುವುದು ಹೊಸತೇ? ಹೀಗೆಲ್ಲ ತನಗೆ ತಾನೇ ವಕೀಲಿಕೆ ಮಾಡಿಕೊಳ್ಳುತ್ತಾ ವನಜಾ ಹೆಸರು ಹೊಡೆದಳು, ಹುಡುಕಿದಳು, ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಮೊನ್ನೆ ತಾನೇ ತಗೊಂಡಿದ್ದಾಳೆ. ಇದರಲ್ಲಿದೆ."

"ಕಾಗದದ ಮ್ಯಾಲೆ ತೆಗದು ಕೊಡ್ರಿ. ಠಾಣೆಯಾಗ ತೋರಸ್ತೀನಿ."

ವನಜಾ ಪ್ರಿಂಟು ತೆಗೆದು, ಗ್ರಂಥಾಲಯದ ಸೀಲು ಒತ್ತಿ ಕೊಟ್ಟಳು. ಸೀಲು ಸರಿಯಾಗಿ ಮೂಡಲಿಲ್ಲವೆಂದು ಭೀಮಪ್ಪ ಇನ್ನೊಮ್ಮೆ ಒತ್ತಿಸಿಕೊಂಡ. ಠಾಣೆಯಲ್ಲಿ ಆ ಕಾಗದ ನೋಡಿ ಅವರೂ ಉಸಿರು ಬಿಟ್ಟರು, ಒಂದು ಫೈಲು ಕಮ್ಮಿಯಾಯಿತಲ್ಲ. ಕಾಯುವಷ್ಟು ದಿನ ಕಾದು, ಕೇಳುವವರಿಲ್ಲದ ಆ ಹೆಣವನ್ನು ಎಲ್ಲೋ ಒಂದು ಕಡೆ ಹೂತರು.

ಮತ್ತೆ ಮಳೆ ಹಿಡಿಯಿತು. ವನಜಾ ಇನ್‌ಚಾರ್ಜ್ ಆದಳು. ಕುರ್ಚಿ ಬದಲಾಯಿತು, ತಿರುಗುವ ಕುರ್ಚಿ ಬಂತು. ದುರ್ಗವ್ವನ ಕುಂಚಿಗೆ ಹೊಲಿದು ಮುಗಿದಿತ್ತು. ಈಗ ಅಂಚಿಗೆ ಗೆಜ್ಜೆ ಕಟ್ಟುತ್ತಿದ್ದಳು.

ಒಂದು ಬೆಳಿಗ್ಗೆ ರುದ್ರೇಶ್ ಎಂಬ ಪೊಲೀಸ್ ಪೇದೆ ರೇನ್‌ಕೋಟಿನ ನೀರು ಸುರಿಸುತ್ತಾ ಒಳಗೆ ಬಂದ. ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟ.

"ಆ ಕ್ವಾರಿ ಹೊಂಡಾನ ಮಣ್ಣು ಹಾಕಿ ಮುಚ್ತಾ ಇದ್ದಾರೆ ಮೇಡಂ, ಲೇಔಟ್ ಮಾಡ್ತಾರಂತೆ. ಕೆಸರಲ್ಲಿ ಒಂದು ಬ್ಯಾಗ್ ಸಿಕ್ತು. ಬೇಸಿಗೇಲಿ ಸಿಕ್ಕಿದ ಹೆಣದ್ದೇ ಇರ್ಬೇಕು. ಒಳಗೆ ನಿಮ್ಮ ಲೈಬ್ರರಿ ಕಾರ್ಡಿದೆ. ಯಾರದು ಅಂತ ಸ್ವಲ್ಪ ಸರ್ಚ್ ಮಾಡ್ಬಿಡಿ, ಬರ್ಕೊಂಡು ಹೋಗ್ತೀನಿ."

ಕವರಿನೊಳಗೆ ಕೆಸರು ಮೆತ್ತಿದ ಕಾರ್ಡು. ಹೆಸರು ಅಳಿಸಿಹೋಗಿತ್ತು. ದಾರ ಕಪ್ಪಾಗಿತ್ತು, ಅದರ ತುದಿಯ ಕವಡೆ ಮಾತ್ರ ಬೆಳ್ಳಗೆ ಉಳಿದಿತ್ತು. ವನಜಾಳಿಗೆ ಹುಡುಕುವ ಅಗತ್ಯವೇ ಇರಲಿಲ್ಲ. ಆದರೂ ಉಬ್ಬು ಅಂಕಿಗಳನ್ನು ಉಗುರಿನಿಂದ ಕೆರೆದು ನೋಡಿ ಹೊಡೆದಳು. ಕಡ್ಡಿಯಂಥ ಹುಡುಗಿಯ ಫೋಟೊ ಬಂದು ಅವಳನ್ನೇ ನೋಡಿತು. ಪರದೆ ಪೇದೆಗೆ ಕಾಣುವಂತಿರಲಿಲ್ಲ.

"ಇಲ್ಲ ಸಾರ್" ಎಂದಳು ವನಜಾ. "ಯಾವ ದಾಖಲೆನೂ ಸಿಗ್ತಿಲ್ಲ. ಹಳೇ ಕಾರ್ಡಿರ್ಬೇಕು."

"ಹೋಗ್ಲಿ ಬಿಡಿ" ಎಂದು ರುದ್ರೇಶ್ ಕವರು ಎತ್ತಿಕೊಂಡು ಬಾಗಿಲಿಗೆ ನಡೆದ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವತ್ತು ದುರ್ಗವ್ವನ ರಜೆ. ಚಹಾದಂಗಡಿಯ ಮರೆಯಿಂದ ಪೊಲೀಸ್ ಬಂದದ್ದನ್ನು ನೋಡಿ, ಮಗಳನ್ನು ಹಿಡಿಯಲು ಬಂದರೇನೋ ಎಂದು ಗಾಬರಿಬಿದ್ದು ರಸ್ತೆ ದಾಟಿ ಬಂದಿದ್ದಳು. ಬಾಗಿಲಲ್ಲಿ ಇಬ್ಬರೂ ಎದುರಾದರು. ಅವಳು ಮೊದಲು ಪೇದೆಯ ಮುಖ ನೋಡಿದಳು, ಆಮೇಲೆ ಅವನ ಕೈ ನೋಡಿದಳು. ಕವರನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಇದು ನನ್ನ ಮಗಳದು. ಈ ಕವಡಿ ನಾ ಕಟ್ಟಿದ್ದು. ಇದು ನಿನ್ನ ಕೈಯಾಗ ಹ್ಯಾಂಗ ಬಂತು? ಇದನ್ನ ಹಿಡಕೊಂಡ ಆಕಿ ಪುಸ್ತಕ ಒಯ್ತಾಳ."

ರುದ್ರೇಶ್ ಕಾರ್ಡು ಎಲ್ಲಿ ಸಿಕ್ಕಿತೆಂದು ಹೇಳಿದ. ಪಾಪ, ಅವನಿಗೇನು ಗೊತ್ತು, ಸುಮ್ಮನೆ ಇದ್ದದ್ದು ಇದ್ದ ಹಾಗೆ ಹೇಳಿದ. ಮಳೆಗಾಲದಿಂದ ನೀರೊಳಗಿದ್ದ ಹೆಣ ಎಂದ. ಕಾಲು ಜಾರಿತೋ, ಯಾರಾದರೂ ತಳ್ಳಿದರೋ ಗೊತ್ತಿಲ್ಲ ಎಂದ. ಯಾರೂ ಬರಲಿಲ್ಲ, ಹೂತುಬಿಟ್ಟರು ಎಂದ. ದುರ್ಗವ್ವ ಅವನ ಮಾತು ಕೇಳುತ್ತಲೇ ಇದ್ದಳು, ಕಣ್ಣು ಮಾತ್ರ ವನಜಾಳ ಮೇಲೆ ನಿಂತಿತ್ತು. ನಡೆದು ಬಂದಳು. ಮೇಜನ್ನು ಬಳಸಿ, ಯಾರೂ ಕಾಲಿಡದ ಕುರ್ಚಿಯ ಪಕ್ಕಕ್ಕೇ ಬಂದು ನಿಂತಳು. ಪರದೆಯ ಮೇಲೆ ಮಗಳ ಫೋಟೊ ಇನ್ನೂ ಇತ್ತು.

"ಅಡಗಿ ಪುಸ್ತಕ ಯಾರು ಒಯ್ದದ್ದು?"

ಎರಡನೇ ಸಲ ಕೇಳಿದಾಗ ವನಜಾ, "ನಾನು" ಎಂದಳು.

"ಬಸರಿ ಪುಸ್ತಕ?"

"ನಾನೇ."

"ಹೆಸರಿಡೋ ಪುಸ್ತಕ? ನಾ ಅತ್ತಾಗ ಬಂದದ್ದು?"

"ಹೂಂ."

ಊರೇ ಹೆದರುತ್ತಿದ್ದ ಬಾಯಿಂದ ಅಷ್ಟೇ ಬಂತು. ಓದುವವರು ಪುಟ ತಿರುಗಿಸುವುದನ್ನೂ ನಿಲ್ಲಿಸಿದ್ದರು. ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಇದೇ ದುರ್ಗವ್ವ ಪುಸ್ತಕ ಹಿಡಿದು ಹಲ್ಲು ಕಾಣುವಂತೆ ನಗುತ್ತಿದ್ದಳು.

"ಇದರಾಗ ಆಕಿದು ಅಂತ ಒಂದರ ಐತೇನು?"

ವನಜಾ ಪಟ್ಟಿಯ ಕೆಳತುದಿಗೆ ಬೆರಳಿಟ್ಟಳು. "ಇದೊಂದು. ಮೊದಲನೇದು. ಸ್ಕೂಟರ್ ಓಡ್ಸೋದು ಹೇಗೆ, ಲೈಸೆನ್ಸ್ ತಗೊಳ್ಳೋದು ಹೇಗೆ ಅಂತ."

"ಗಾಡಿ ಹೊಡಿಯೂದು?" ದುರ್ಗವ್ವ ಪರದೆಯನ್ನು ದಿಟ್ಟಿಸಿದಳು. "ನನಗ ಹೇಳಿದ್ದಿಲ್ಲ." ಆಮೇಲೆ, "ಅವ್ರು ಕರದಾಗ ನಾ ಬ್ಯಾಡ ಅಂದೆ. ನನ್ನ ಮಗಳ ಹೆಣಾನ ನಾನ ಬ್ಯಾಡ ಅಂದೆ" ಎಂದಳು. ಅದನ್ನು ಅವಳು ಅಳದೆ ಹೇಳಿದಳು, ಅದೇ ಕೇಳಲಾಗುತ್ತಿರಲಿಲ್ಲ.

"ಎಲ್ಲಿ ಹೂತಾರ?" ಎಂದು ಪೇದೆಯನ್ನು ಕೇಳಿದಳು. ಗುರುತು ಕಲ್ಲು ಇರಲ್ಲಮ್ಮ, ಅಂಥವು ಬೇಕಾದಷ್ಟು ಇರ್ತವೆ ಎಂದು ಅವನು ತಲೆ ತಗ್ಗಿಸಿದ. ದುರ್ಗವ್ವ ಪರದೆಯ ಮೇಲಿನ ಖಾಲಿ ಚೌಕಕ್ಕೆ ಬೆರಳು ತೋರಿಸಿದಳು. "ಇದರಾಗ ಎಲ್ಲಾ ಇರತೈತಲ್ಲ. ಹುಡುಕು. ಎಲ್ಲಿ ಇಟ್ಟಾರ ಹುಡುಕಿ ಹೇಳು."

ವನಜಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದುರ್ಗವ್ವ ಚೀಲದಿಂದ ಕುಂಚಿಗೆ ತೆಗೆದು, ಕೊಡವಿ, ಮಡಿಚಿ ವನಜಾಳ ಮಡಿಲಲ್ಲಿಟ್ಟಳು. ಗೆಜ್ಜೆ ಸಣ್ಣಗೆ ಸದ್ದು ಮಾಡಿತು.

"ಆ ಕೂಸು ನೀ ಹಡದದ್ದು. ನೀನ ಇಟ್ಕೋ" ಎಂದು ಹೊರಟುಹೋದಳು.

ಸಂಜೆ ಸುದ್ದಿ ಕೇಳಿದ ಹರ್ಷವರ್ಧನ್ ಫೋನಿನಲ್ಲಿ ಕೂಗಾಡಲಿಲ್ಲ, ಅವನು ಕೂಗಾಡುವವನಲ್ಲ. "ಸಿಸ್ಟಮ್ ಎರರ್ ಅಂತ ಬರ್ದಿದೀನಿ. ಕಂಪನಿ ಹೆಸರು ಎಲ್ಲೂ ಬರಬಾರ್ದು ವನಜಾ. ಆ ರೆಕಾರ್ಡ್ ಡಿಲೀಟ್ ಮಾಡ್ಬಿಡಿ. ನಾಳೆಯಿಂದ ಎಂದಿನ ಹಾಗೆ" ಎಂದ. ಕೆಲಸ ಉಳಿಯಿತು. ಕುರ್ಚಿ ಉಳಿಯಿತು.

ವನಜಾ ಅಳಿಸಲು ಹೋದರೆ ಸಾಫ್ಟ್‌ವೇರು ಒಪ್ಪಲಿಲ್ಲ. ಈ ಓದುಗರು ಒಂದು ಪುಸ್ತಕವನ್ನು ಇನ್ನೂ ಹಿಂದಿರುಗಿಸಿಲ್ಲ ಎಂದು ತೋರಿಸಿತು. ಮಕ್ಕಳಿಗೆ ಹೆಸರಿಡುವ ಪುಸ್ತಕ. ಅದನ್ನು ವಾಪಸ್ಸು ಕೊಟ್ಟಂತೆ ಮಾಡುವುದನ್ನೇ ಅವಳು ಮರೆತಿದ್ದಳು. ಕುರ್ಚಿ ತಿರುಗಿಸಿ ಬೆನ್ನಿನ ಕಪಾಟಿನ ಬಲತುದಿಗೆ ಕೈ ಚಾಚಿದಾಗ ಮಡಿಲಿನ ಗೆಜ್ಜೆ ಮತ್ತೆ ಸದ್ದು ಮಾಡಿತು. ಪುಸ್ತಕವನ್ನು ಸ್ಕ್ಯಾನು ಮಾಡಿದಳು, ದಾಖಲೆ ಅಳಿಸಿದಳು. ಕೈ ತಡೆಯದೆ ಖಾಲಿ ಚೌಕದಲ್ಲಿ ಶೈಲಶ್ರೀ ಎಂದು ಹೊಡೆದು ಹುಡುಕಿದಳು. ಯಾವುದೇ ದಾಖಲೆ ಸಿಗಲಿಲ್ಲ ಎಂದು ಪರದೆ ಹೇಳಿತು. ಬೆಳಿಗ್ಗೆ ಪೊಲೀಸನಿಗೆ ಹೇಳಿದ ಸುಳ್ಳು ಈಗ ನಿಜವಾಗಿತ್ತು.